ಕಿವಿಯೊಳಗಿನ ದನಿ

“ಫೋನ್ ಮಾಡಿದಾಗಲೆಲ್ಲ ಕುಡಿತ ಬಿಡು ಎಂದು ತಮ್ಮನಿಗೆ ಹೇಳಿದೆ, ಗುರುಗಳೇ. ಈಗ ಆಸ್ಪತ್ರೆಯಲ್ಲಿದ್ದಾನಂತೆ. ಹೇಳಬೇಕಾದುದನ್ನು ಹೇಳಿದ ಮೇಲೆ ನನ್ನ ಹೊಣೆ ಮುಗಿಯಿತಲ್ಲವೇ?” ಎಂದು ಚನ್ನವೀರ ಕೇಳಿದ.

“ಮುಗಿಯಿತು ಅನ್ನಿಸಿಕೊಳ್ಳಲು ಇಷ್ಟು ದೂರ ಬಂದೆಯಾ? ಕೂತುಕೋ,” ಎಂದು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಕಿವಿ ಮಂದ. ಕಿವಿಗೆ ಮೆಷಿನ್ನು ಹಾಕಿಕೊಂಡಿದ್ದಳು, ಆದರೆ ರಸ್ತೆಗೆ ಬಂದರೆ ಅದರಲ್ಲಿ ಬರೀ ಗದ್ದಲ. ಅದಕ್ಕೇ ಡ್ರೈವರನ ಮುಖ ನೋಡುತ್ತಿದ್ದಳು. ಅವನು ಹೋಗಮ್ಮ ಎಂದು ಕೈ ಬೀಸಿದರೆ ದಾಟುತ್ತಿದ್ದಳು. ಯಾರ ಕೈಯನ್ನೂ ಹಿಡಿಯದೆ ಓಡಾಡುತ್ತೇನೆ ಎಂಬುದೇ ಅವಳಿಗೆ ದೊಡ್ಡದು.

ಆಮೇಲೆ ಡ್ರೈವರಿಲ್ಲದೆ ತಾವೇ ಓಡುವ ಕಾರುಗಳು ಬಂದವು. ನೋಡಿದರೆ ಸೀಟು ಖಾಲಿ. ಅವಳು ರಸ್ತೆಯ ಅಂಚಿನಲ್ಲೇ ನಿಂತುಬಿಟ್ಟಳು.

ಇದು ಕಾರು ಮಾಡಿದ ಎಂಜಿನಿಯರನಿಗೆ ತಿಳಿಯಿತು. ಒಳ್ಳೆಯವನೇ, ಪಾಪ. ಕಾರಿನ ಮಾತು ನೇರ ಕಿವಿಯ ಮೆಷಿನ್ನಿಗೇ ಬರುವಂತೆ ಮಾಡಿದ. ಮೈದಾನದಲ್ಲಿ ಒಂದು ಕಾರು ಬಿಟ್ಟು ಅವಳನ್ನು ಕರೆಸಿದ. ‘ನಿಲ್ಲುತ್ತೇನೆ, ದಾಟಿ’ ಎಂದಿತು ಕಾರು. ಎಷ್ಟೋ ವರ್ಷಕ್ಕೆ ಸ್ಪಷ್ಟವಾದ ಒಂದು ಮಾತು ಕೇಳಿ ಅವಳ ಕಣ್ಣು ತುಂಬಿತು.

“ಎಲ್ಲ ಕಾರಿಗೂ ಇದೇ ದನಿಯೇನಪ್ಪ?”

“ಇದೇ, ಅಮ್ಮ. ಇಂಪಾಗಿರಲಿ ಎಂದು ಹುಡುಕಿ ಆರಿಸಿದ್ದು.”

ಅವಳೂ ಚೆನ್ನಾಗಿದೆ ಎಂದಳು.

ಮೈದಾನದಲ್ಲಿದ್ದದ್ದು ಒಂದು ಕಾರು. ರಸ್ತೆಯಲ್ಲಿ ಎರಡು ಬಂದವು. ಬಲಗಡೆಯದು ‘ನಿಲ್ಲಲಾರೆ, ತಾಳಿ’ ಎಂದಿತು. ಹಿಂದೆಯೇ ಎಡಗಡೆಯದು ‘ನಿಲ್ಲುತ್ತೇನೆ, ದಾಟಿ’ ಎಂದಿತು. ದನಿ ಒಂದೇ. ಕಿವಿಯೊಳಗೇ ಹುಟ್ಟುವ ಮಾತಿಗೆ ಎಡ ಎಲ್ಲಿಯದು, ಬಲ ಎಲ್ಲಿಯದು? ತಾಳಿ ಎಂದ ಕಾರೇ ಮನಸ್ಸು ಮಾಡಿ ನಿಲ್ಲುತ್ತಿದೆ ಎಂದುಕೊಂಡು ಅವಳು ರಸ್ತೆಗೆ ಇಳಿದಳು. ಹೊಲಿಗೆ ಯಂತ್ರ ತುಳಿಯುತ್ತಿದ್ದ ಬಲಗಾಲು ಹೋಯಿತು.

ವಿಚಾರಣೆ ನಡೆಯಿತು. ಎರಡೂ ಮಾತು ಸರಿಯಾಗಿ ತಲುಪಿದ್ದವು. ಯಾವ ಕಾರೂ ಸುಳ್ಳು ಹೇಳಿರಲಿಲ್ಲ. ಇನ್ನು ತಪ್ಪು ಯಾರದಾಗಬೇಕು? ಅವಳದೇ ಆಯಿತು.

ಎಂಜಿನಿಯರ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದ. “ತಾಳಿ ಎಂದು ಕಾರು ಹೇಳಿತ್ತಲ್ಲ, ಅಮ್ಮ,” ಎಂದ. ಅವಳು ಮೆಷಿನ್ನನ್ನು ಕಿವಿಯಿಂದ ತೆಗೆದು ಅವನ ಕೈಗೆ ಕೊಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು. ಈಗ ಅವಳು ಮನೆಯ ಬಾಗಿಲಿಗೆ ಬರುವುದೂ ಮಗಳ ಕೈ ಹಿಡಿದೇ.

ಗುರುಗಳು ಕತೆ ಮುಗಿಸಿದರು. ಚನ್ನವೀರ, “ಆದರೂ ಕಾರು ಹೇಳಿದ್ದು ನಿಜವಲ್ಲವೇ?” ಎಂದ.

“ನಿಜವೇ. ಅದಿರಲಿ, ನಿನ್ನ ತಮ್ಮನ ಮುಖ ನೋಡಿ ಎಷ್ಟು ವರ್ಷವಾಯಿತು?”