ಒಳ್ಳೆಯ ಅಣ್ಣಂದಿರ ದೀಪ

"ಊರವರೆಲ್ಲ ಕೇಳಿ. ದೊರೆಗಳ ಮೂರು ಒಗಟು ಬಿಡಿಸಿದವನು ಅವರ ದತ್ತುಮಗನಾಗುತ್ತಾನೆ. ತಪ್ಪು ಹೇಳಿದವನ ತಲೆ ಹೋಗುತ್ತದೆ."

ಚೀನಾ ದೇಶದಲ್ಲಿ, ಯುನ್‌ಶುಯಿ ಎಂಬ ನದಿಯ ದಡದಲ್ಲಿ ಹೀಗೆ ಡಂಗುರ ಸಾರಿಸಿದ ದೊರೆಯ ಒಬ್ಬನೇ ಮಗ ಅದೇ ನದಿಯಲ್ಲಿ ದೋಣಿ ಮಗುಚಿ ಸತ್ತಿದ್ದ. ಏಳನೆಯ ತಿಂಗಳ ಹುಣ್ಣಿಮೆ ಅಲ್ಲಿ ಸತ್ತವರ ಹಬ್ಬ; ಅಂದು ಅವರಿಗಾಗಿ ನದಿಯಲ್ಲಿ ದೀಪ ತೇಲಿಬಿಡುತ್ತಾರೆ. ಆ ವರ್ಷ ದೊರೆ ಎಲ್ಲರಿಗಿಂತ ಮೊದಲು ಒಬ್ಬನೇ ನದಿಗೆ ಹೋಗಿ ಬಂದವನು, ಹಬ್ಬವನ್ನೇ ನಿಲ್ಲಿಸಿಬಿಟ್ಟ. ಯಾಕೆಂದು ಕೇಳುವ ಧೈರ್ಯ ಯಾರಿಗಿತ್ತು?

ರಾಜಕುಮಾರನ ದೋಣಿಗೆ ಹುಟ್ಟು ಹಾಕುತ್ತಿದ್ದ ಅಂಬಿಗನೂ ಮುಳುಗಿದ್ದ. ಅವನ ತಮ್ಮ ಲೋ ಷಾನ್ ಡಂಗುರ ಕೇಳಿ ಹೊರಟು ನಿಂತ.

"ಒಬ್ಬನನ್ನು ಹೊಳೆ ತಗೊಂಡಿತು. ನಿನ್ನನ್ನು ಕತ್ತಿಗೆ ಕೊಡಲೇನೋ?" ಎಂದಳು ತಾಯಿ.

"ಅಣ್ಣ ಇನ್ನೂ ನೀರಲ್ಲೇ ಇದ್ದಾನಲ್ಲವ್ವ. ಅವನಿಗೊಂದು ದೀಪ ಬಿಡೋಕೆ ಅಪ್ಪಣೆ ಕೇಳಬೇಕು" ಎಂದ ಅವನು.

ಆಸ್ಥಾನದಲ್ಲಿ ಸೇನಾಪತಿಯ ಮಗ ಆಗಲೇ ಯುವರಾಜನ ಠೀವಿಯಲ್ಲಿ ನಿಂತಿದ್ದ. ದೊರೆ ಕೇಳಿದ: "ತಟ್ಟೆ ತುಂಬ ಬಡಿಸುತ್ತಾರೆ. ಬಂದವರು ಹೊಟ್ಟೆ ತುಂಬ ಉಂಡು ಹೋಗುತ್ತಾರೆ. ಒಂದಗುಳೂ ಕಡಿಮೆಯಾಗುವುದಿಲ್ಲ. ಉಂಡವರು ಯಾರು?"

"ಇದೇನು ಮಹಾ? ದೆವ್ವಗಳು" ಎಂದ ಅವನು.

ದೊರೆಯ ಮುಖ ಕಪ್ಪಿಟ್ಟಿತು. "ನನ್ನ ಮಗ ದೆವ್ವವೇ? ಎಳೆದೊಯ್ಯಿರಿ ಇವನನ್ನು."

ಅದನ್ನು ನೋಡಿ ಬುದ್ಧಿ ಕಲಿತ ರೇಷ್ಮೆ ವ್ಯಾಪಾರಿಯೊಬ್ಬ "ತೀರಿಕೊಂಡ ಹಿರಿಯರು" ಎಂದ. ಎಳೆಯ ಮಗನನ್ನು ಕಳೆದುಕೊಂಡ ತಂದೆಯ ಮುಂದೆ ಆ ಮಾತು ಆಡಬಾರದಿತ್ತು. ಅವನೂ ತಲೆ ಹೋಗುವ ದಿನ ಕಾಯುತ್ತ ಸೆರೆಮನೆ ಸೇರಿದ.

ಲೋ ಷಾನ್ ಹೆದರುತ್ತಲೇ ಮುಂದೆ ಬಂದು ಕೈಮುಗಿದ. "ನಮ್ಮ ಒಳ್ಳೆಯ ಅಣ್ಣಂದಿರು, ಮಹಾಪ್ರಭು. ಮನೆ ಸೇರದೆ ಸತ್ತವರನ್ನು ನಮ್ಮ ಕಡೆ ಹಾಗೇ ಕರೆಯೋದು. ಬೇರೆ ಹೆಸರು ಹಿಡಿದರೆ ಅವರು ನೊಂದುಕೊಳ್ಳುತ್ತಾರೆ."

ದೊರೆ ಒಪ್ಪಿ ತಲೆದೂಗಿದ. ಆಮೇಲೆ ಕೇಳಿದ: "ನಾಟಕಕ್ಕೆ ಜನ ಕಿಕ್ಕಿರಿದಿದ್ದಾರೆ. ಹಿಂದೆ ನಿಂತು ಕಾಲು ನೋಯುತ್ತಿದ್ದರೂ ಮುಂದಿನ ಸಾಲಿನಲ್ಲಿ ಯಾರೂ ಕೂರುವುದಿಲ್ಲ. ಆ ಸಾಲು ಯಾರದು?"

"ಅದೂ ಅವರದೇ. ಹಬ್ಬದ ತಿಂಗಳಲ್ಲಿ ಅವರು ನೆಂಟರಲ್ಲವೇ? ನೆಂಟರನ್ನು ಹಿಂದೆ ಕೂರಿಸುತ್ತೇವೆಯೇ?"

ಮೂರನೆಯದನ್ನು ಕೇಳುವಾಗ ದೊರೆಯ ದನಿ ತಗ್ಗಿತ್ತು. "ಒಬ್ಬ ತಂದೆ ನದಿಯಲ್ಲಿ ದೀಪ ಬಿಟ್ಟ. ಗಾಳಿ ಇರಲಿಲ್ಲ, ಎಣ್ಣೆ ತೀರಿರಲಿಲ್ಲ. ನಡುನೀರಿನಲ್ಲಿ ದೀಪ ಆರಿಹೋಯಿತು. ಮಗ ಅವನನ್ನು ಕ್ಷಮಿಸಲಿಲ್ಲವೇ?"

ಹಬ್ಬ ಯಾಕೆ ನಿಂತಿತೆಂದು ಲೋ ಷಾನನಿಗೆ ಆಗ ತಿಳಿಯಿತು. ಅವನ ಹೆದರಿಕೆ ಹೋಗಿ ದೊರೆಯ ಮೇಲೆ ಮರುಕ ಹುಟ್ಟಿತು.

"ಆರಿಹೋಯಿತು ಅನ್ನಬೇಡಿ, ಮಹಾಪ್ರಭು. ಶಾಂತವಾಯಿತು. ನೀರಿನಲ್ಲಿ ಸತ್ತವರಿಗೆ ದಡ ಕಾಣುವುದಿಲ್ಲ. ನಾವು ಬಿಟ್ಟ ದೀಪ ಹಿಡಿದು ಬರುತ್ತಾರೆ. ದಡ ಮುಟ್ಟಿದವರಿಗೆ ದೀಪ ಯಾಕೆ ಬೇಕು? ನಿಮ್ಮ ಮಗ ಅವತ್ತೇ ದಡ ಸೇರಿದ್ದಾರೆ."

ದೊರೆ ಎಲ್ಲರೆದುರಿಗೇ ಅತ್ತ. ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿಸಿದ, ಲೋ ಷಾನನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇನ್ನು ನೀನೇ ನನ್ನ ಮಗ. ಏನು ಬೇಕು ಕೇಳು" ಎಂದ.

"ನನ್ನಣ್ಣ ನಿಮ್ಮ ಮಗನ ದೋಣಿ ನಡೆಸುತ್ತಿದ್ದ. ಅವನಿಗೆ ಯಾರೂ ದೀಪ ಬಿಟ್ಟಿಲ್ಲ."

ಮುಂದಿನ ಏಳನೆಯ ತಿಂಗಳ ಹುಣ್ಣಿಮೆಗೆ ಹಬ್ಬ ಮತ್ತೆ ನಡೆಯಿತು. ಅಂಬಿಗನ ಹೆಸರು ಬರೆದ ಕಾಗದದ ದೀಪವನ್ನು ದೊರೆಯೇ ಹಿಡಿದು, ಸೊಂಟದುದ್ದ ನೀರಿಗಿಳಿದು ತೇಲಿಬಿಟ್ಟ. ಅದು ಶಾಂತವಾಗುವವರೆಗೂ ಅವನು ನೀರಿನಿಂದ ಮೇಲೆ ಬರಲಿಲ್ಲ.