ಎರಡು ಸಲ ಬಡಿದ ಸದ್ದು

‘ಯಂತ್ರ ತಪ್ಪು ಮಾಡಿದರ ಪಾಪ ಯಾರಿಗೆ ಹತ್ತತೈತ್ರಿ, ಮಾಸ್ತರ?’ ಎಂದು ಕಲ್ಮೇಶ ಕೇಳಿದ.

‘ಅದಕ್ಕ ಸುಳ್ಳು ಕಲಿಸಿದವರಿಗೆ. ಕಲಿಸಿದವರು ನಾವು,’ ಎಂದರು ಅಡಿವೆಪ್ಪ ಮಾಸ್ತರರು.

ಮಾಸ್ತರರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಶಾಲೆಗೆ ಹೋದವರೂ ಅಲ್ಲ. ಮೂವತ್ತು ವರ್ಷ ಎರಕದ ಕಾರ್ಖಾನೆಯಲ್ಲಿ ಮರಳಿನ ಅಚ್ಚು ಕಟ್ಟಿದವರು. ಭಜಿ ಕಟ್ಟಿಕೊಟ್ಟ ಹಳೆಯ ಪತ್ರಿಕೆಗಳಿಂದ ಓದು ಕಲಿತರು. ಈಗ ಭಾನುವಾರದ ಬೆಳಿಗ್ಗೆ ಚಹಾದಂಗಡಿಯ ಹಿಂದಿನ ಬೆಂಚಿನ ಮೇಲೆ ಕೂತು, ಕೇಳಲು ಬಂದ ಕಾರ್ಮಿಕರಿಗೆ ತಮಗೆ ತಿಳಿದದ್ದನ್ನು ಹೇಳುತ್ತಾರೆ. ಅಂದು ಬಂದವನು ಕಲ್ಮೇಶ ಒಬ್ಬನೇ.

ಕಲ್ಮೇಶ ಕೆಲಸ ಮಾಡುವಲ್ಲಿ ಬಸ್ಸಿನ ಸ್ಟೇರಿಂಗಿಗೆ ಕೂರುವ ಕಬ್ಬಿಣದ ತೋಳುಗಳನ್ನು ಎರೆಯುತ್ತಾರೆ. ಹೋದ ವರ್ಷ ಅಲ್ಲಿಗೆ ತಪಾಸಣೆಯ ಯಂತ್ರ ಬಂತು. ಅದು ‘ಸರಿ’ ಎಂದು ತೆರೆಯ ಮೇಲೆ ತೋರಿಸಿದರೆ ಕಲ್ಮೇಶ ಗುಂಡಿ ಒತ್ತಬೇಕು. ಅಷ್ಟೇ ಅವನ ಕೆಲಸ.

ಅವನ ಕಾಲಬಳಿ ಒಂದು ಚೀಲವಿತ್ತು. ಮಾಸ್ತರರು ಅದನ್ನು ನೋಡಿದರು.

‘ಚೀಲದಾಗ ಏನೋ?’

‘ಡಬ್ಬಿರಿ. ಊಟದ್ದು.’

‘ಐತವಾರ ಯಾವ ಕಾರ್ಖಾನಿಗೆ ಡಬ್ಬಿ ತಗೊಂಡು ಹೊಂಟೀಯೋ, ಮಾರಾಯ?’

ಕಲ್ಮೇಶ ಚೀಲವನ್ನು ಬೆಂಚಿನ ಕೆಳಗೆ ಸರಿಸಿದ. ಮಾಸ್ತರರು ಮತ್ತೆ ಕೇಳಲಿಲ್ಲ. ಕತೆ ಶುರು ಮಾಡಿದರು.

ಒಬ್ಬ ಮಾಲೀಕನಿದ್ದ. ಅವನಿಗೊಂದು ಎರಕದ ಕಾರ್ಖಾನೆಯಿತ್ತು. ಟ್ರ್ಯಾಕ್ಟರಿನ ಹಿಂದೆ ಟ್ರೇಲರ್ ಇರುತ್ತದಲ್ಲ, ಅದರ ಗಾಲಿಯ ನಡುವೆ ಒಂದು ಕಬ್ಬಿಣದ ಹಬ್ ಇರುತ್ತದೆ. ಇಡೀ ಗಾಲಿಯನ್ನು ಹಿಡಿದು ನಿಲ್ಲಿಸುವುದು ಅದೇ. ಆ ಹಬ್‌ಗಳನ್ನು ಅವನು ಎರೆಸುತ್ತಿದ್ದ. ನಲವತ್ತು ಜನ ಅಚ್ಚು ಕಟ್ಟುತ್ತಿದ್ದರು. ಪ್ರತಿ ಹಬ್‌ನ ಬೆನ್ನ ಮೇಲೆ ಅದರ ಅಚ್ಚು ಕಟ್ಟಿದವನ ಗುರುತು ಮೂಡುತ್ತಿತ್ತು. ಒಬ್ಬನದು ಗೆರೆ, ಒಬ್ಬನದು ಉಂಗುರ, ಒಬ್ಬನದು ಮೂರು ಚುಕ್ಕಿ.

ಮಾಲೀಕ ಒಂದು ಕಟ್ಟಳೆ ಮಾಡಿದ್ದ. ಒಬ್ಬನ ಹೆಸರಿಗೆ ಮೂರು ಕೆಟ್ಟ ಎರಕ ಬಿದ್ದರೆ ಅವನು ಗೇಟಿನ ಹೊರಗೆ. ಮರಳು ಹಸಿಯಿತ್ತೇ, ಕಬ್ಬಿಣ ತಣ್ಣಗಿತ್ತೇ, ಯಾರೂ ಕೇಳುವ ಹಾಗಿಲ್ಲ.

ಎರಕವನ್ನು ಪರೀಕ್ಷೆ ಮಾಡುವವನು ಒಬ್ಬನೇ. ಎಲ್ಲರೂ ಅವನನ್ನು ಕಾಕಾ ಎನ್ನುತ್ತಿದ್ದರು. ಅವನ ಬಳಿ ಒಂದು ಸಣ್ಣ ಸುತ್ತಿಗೆ ಇತ್ತು, ಎರಡು ಕಿವಿ ಇದ್ದವು. ಹಬ್ ಅನ್ನು ಕಲ್ಲಿನ ಮೇಲೆ ಇಟ್ಟು, ಕಣ್ಣು ಮುಚ್ಚಿ, ಒಮ್ಮೆ ಬಡಿಯುತ್ತಿದ್ದ. ಒಳ್ಳೆಯದು ಟಣ್ ಎನ್ನುತ್ತಿತ್ತು. ಒಳಗೆ ಬಿರುಕೋ ಗಾಳಿಗುಳ್ಳೆಯೋ ಇದ್ದರೆ ಒಡೆದ ಗಡಿಗೆಯ ಹಾಗೆ ಡಬ್ ಎನ್ನುತ್ತಿತ್ತು.

ಕೆಟ್ಟದ್ದು ಸಿಕ್ಕರೆ ಕಾಕಾ ಬಾಯಿ ಬಿಡುತ್ತಿರಲಿಲ್ಲ. ಇನ್ನೊಮ್ಮೆ ಬಡಿಯುತ್ತಿದ್ದ. ಎರಡು ಸಲ, ಬೇಗ ಬೇಗ. ಅದು ಸನ್ನೆ. ಬೆನ್ನಿನ ಗುರುತು ಕಾಣುವ ಹಾಗೆ ಅದನ್ನು ಬದಿಗಿಡುತ್ತಿದ್ದ. ಅದನ್ನು ಕಟ್ಟಿದವನು ಮರಳು ಹೊರುವ ನೆಪದಲ್ಲಿ ಬಂದು, ಬುಟ್ಟಿಯಲ್ಲಿ ಮುಚ್ಚಿಕೊಂಡು ಒಯ್ದು ಭಟ್ಟಿಗೆ ಹಾಕುತ್ತಿದ್ದ. ಊಟದ ಬಿಡುವಿನಲ್ಲಿ ಬೇರೆ ಅಚ್ಚು ಕಟ್ಟಿ ಸಂಜೆಯೊಳಗೆ ಇನ್ನೊಂದು ಹಬ್ ತಂದಿಡುತ್ತಿದ್ದ. ಕಾಕಾ ತಪಾಸಣೆಯ ಪುಸ್ತಕದಲ್ಲಿ, ತಾನು ಬಡಿದದ್ದಕ್ಕೆಲ್ಲ ‘ಸರಿ’ ಎಂದು ಬರೆಯುತ್ತಿದ್ದ. ಕೆಟ್ಟದ್ದಕ್ಕೂ ಬರೆಯುತ್ತಿದ್ದ, ಹೇಗೂ ಅದರ ಜಾಗಕ್ಕೆ ಒಳ್ಳೆಯದು ಬರುತ್ತದೆ ಎಂದು.

ಇಪ್ಪತ್ತಾರು ವರ್ಷ ಹೀಗೆ ನಡೆಯಿತು. ಒಂದೂ ಕೆಟ್ಟ ಹಬ್ ಹೊರಗೆ ಹೋಗಲಿಲ್ಲ. ಒಬ್ಬ ಮನುಷ್ಯನೂ ಹೊರಗೆ ಹೋಗಲಿಲ್ಲ. ಕೊಳ್ಳಲು ಬಂದವರಿಗೆ ಮಾಲೀಕ ಪುಸ್ತಕ ತೆಗೆದು ತೋರಿಸುತ್ತಿದ್ದ: ‘ನೋಡ್ರಿ, ಒಂದು ತಪ್ಪು ಹುಡುಕ್ರಿ.’ ಯಾರಿಗೂ ಸಿಗುತ್ತಿರಲಿಲ್ಲ.

ಆಮೇಲೆ ಯಂತ್ರ ಬಂತು.

ಅದನ್ನು ತಂದವಳು ಒಬ್ಬ ಎಂಜಿನಿಯರ್ ಹೆಣ್ಣುಮಗಳು. ಕಾಕಾನ ಕಲ್ಲಿನ ಪಕ್ಕದಲ್ಲಿ ಒಂದು ಮೈಕು ಕೂರಿಸಿದಳು. ಒಂದು ವರ್ಷ ಅದು ಪ್ರತಿ ಬಡಿತವನ್ನೂ ಕೇಳಿತು. ಪುಸ್ತಕದಲ್ಲಿ ಬರೆದದ್ದನ್ನೆಲ್ಲ ಅದಕ್ಕೆ ಊಡಿಸಿದರು. ಯಾವ ಸದ್ದಿಗೆ ಕಾಕಾ ಏನು ಬರೆದಿದ್ದಾನೆ ಎಂದು ನೋಡಿ ನೋಡಿ ಅದು ಕಲಿಯಬೇಕು. ಕಲಿತ ಮೇಲೆ ಕಾಕಾ ಬೇಕಾಗಿಲ್ಲ.

ಆ ಹೆಣ್ಣುಮಗಳು ಕೆಲಸ ಬಲ್ಲವಳು. ಒಂದು ದಿನ ಕಾಕಾನ ಎದುರು ಬಂದು ಕೂತಳು.

‘ಕಾಕಾ, ನನಗೆ ಕೆಟ್ಟದ್ದು ಬೇಕು. ಕೆಟ್ಟದ್ದರ ಸದ್ದು ಹೇಗಿರುತ್ತೆ ಅಂತ ಇದಕ್ಕೆ ಕಲಿಸಬೇಕು. ಪುಸ್ತಕದಲ್ಲಿ ಒಂದೂ ಇಲ್ಲ. ಒಂದೂ ತಪ್ಪಿಲ್ಲದ ಪುಸ್ತಕ ನೋಡಿದರೆ ನನಗೆ ಹೆದರಿಕೆ ಆಗುತ್ತೆ.’

ಮಾಲೀಕ ಹಿಂದೆಯೇ ನಿಂತಿದ್ದ. ‘ಬಾಯಾರ, ನಮ್ಮಲ್ಲೆ ತಪ್ಪು ಆಗಂಗಿಲ್ಲ. ಇಲ್ಲದ್ದನ್ನ ಎಲ್ಲಿಂದ ತಂದು ಕೊಡೂಣು?’ ಎಂದ.

ಅವಳು ಮಾಲೀಕನ ಕಡೆ ತಿರುಗಲಿಲ್ಲ. ಕಾಕಾನನ್ನೇ ನೋಡುತ್ತಿದ್ದಳು.

ಕಾಕಾನ ತಲೆಯಲ್ಲಿ ಎರಡು ಮಾತು ಬಂದವು. ಹೇಳಿದರೆ ನಲವತ್ತು ಜನರ ಗುಟ್ಟು ಬಯಲಾಗುತ್ತದೆ, ಯಾರ್ಯಾರು ಎಂದು ಮಾಲೀಕ ಹೆಸರು ಕೇಳುತ್ತಾನೆ. ಇದು ಒಂದು. ನನ್ನ ಕಲ್ಲು ಕಿತ್ತುಕೊಳ್ಳಲು ಬಂದದ್ದಕ್ಕೆ ನನ್ನ ಕೈಯಿಂದ ಎಲ್ಲವನ್ನೂ ಯಾಕೆ ಕೊಡಲಿ? ಇದು ಇನ್ನೊಂದು. ಮೊದಲನೆಯದು ಕರುಣೆ. ಎರಡನೆಯದು ಸಿಟ್ಟು. ಯಾವುದು ತನ್ನ ಬಾಯಿ ಮುಚ್ಚಿಸಿತು ಎಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

‘ಕೆಟ್ಟದ್ದು ಇದ್ದರ ಅಲ್ಲೇನವಾ ಕೊಡೂದು,’ ಎಂದು ಕಾಕಾ ನಕ್ಕ.

ಅಚ್ಚು ಕಟ್ಟುವವರೂ ನಕ್ಕರು. ಅವರಲ್ಲಿ ಮೂರು ಚುಕ್ಕಿಯವನು ಎಲ್ಲರಿಗಿಂತ ಜೋರಾಗಿ ನಕ್ಕ. ‘ಕಾಕಾನ ಕಿವಿ ಕೊಯ್ಕೊಂಡು ಹೋದರೂ ನಿಮ್ಮ ಡಬ್ಬಿಗೆ ಕೇಳಾಕ ಬರಂಗಿಲ್ಲ ಬಿಡ್ರಿ, ಬಾಯಾರ!’ ಎಂದ. ಅವಳು ಎದ್ದು ಹೋದಳು.

ಅವರೆಲ್ಲರೂ ಒಂದು ಮಾತು ಮರೆತಿದ್ದರು. ಕಾಕಾ ಎರಡು ಸಲ ಬಡಿದದ್ದನ್ನೂ ಆ ಮೈಕು ಕೇಳಿತ್ತು. ಡಬ್ ಎಂದದ್ದನ್ನೂ ಕೇಳಿತ್ತು. ಅದರ ಎದುರಿಗೆ ಪುಸ್ತಕದಲ್ಲಿ ಏನಿತ್ತು? ‘ಸರಿ’ ಎಂದಿತ್ತು. ಯಂತ್ರ ಶ್ರದ್ಧೆಯಿಂದ ಕಲಿಯಿತು. ಟಣ್ ಎಂದರೂ ಸರಿ, ಡಬ್ ಎಂದರೂ ಸರಿ.

ಕಾಕಾನಿಗೆ ಶಾಲು ಹೊದಿಸಿ, ಫೋಟೊ ತೆಗೆದು, ಮನೆಗೆ ಕಳಿಸಿದರು. ಹೋಗುವಾಗ ಮಾಲೀಕ ಒಂದು ಮಾತೂ ಕೇಳಲಿಲ್ಲ. ಕಾಕಾ ಒಂದು ಮಾತೂ ಹೇಳಲಿಲ್ಲ.

ಯಂತ್ರ ತಾನೇ ಬಡಿದು, ತಾನೇ ಕೇಳಿ, ಎಲ್ಲವನ್ನೂ ದಾಟಿಸತೊಡಗಿತು. ನಲವತ್ತು ಜನರಿಗೆ ಎರಡೇ ದಿನದಲ್ಲಿ ಗೊತ್ತಾಯಿತು. ಯಾರೂ ಬಾಯಿ ಬಿಡಲಿಲ್ಲ. ಊಟದ ಬಿಡುವಿನಲ್ಲಿ ಮತ್ತೆ ಅಚ್ಚು ಕಟ್ಟುವ ಕೆಲಸ ತಪ್ಪಿತು. ಮೊದಲ ಬಾರಿಗೆ ಅವರು ಕೂತು ಊಟ ಮಾಡಿದರು. ‘ಕಾಕಾಗಿಂತ ಇದ ಚಲೋ. ಮಾರಿ ಗಂಟು ಹಾಕಂಗಿಲ್ಲ,’ ಎಂದ ಮೂರು ಚುಕ್ಕಿಯವನು.

ಕಾಕಾನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ದಿನಾ ಬಂದು ಕಾರ್ಖಾನೆಯ ಗೋಡೆಯ ಹೊರಗಿನ ಚಹಾದಂಗಡಿಯಲ್ಲಿ ಕೂರುತ್ತಿದ್ದ. ಒಂದು ದಿನ ಒಳಗೆ ಲಾರಿ ತುಂಬುತ್ತಿದ್ದರು. ಹಬ್‌ಗಳನ್ನು ಒಂದರ ಮೇಲೊಂದು ಎಸೆಯುವ ಸದ್ದು ಗೋಡೆ ದಾಟಿ ಬರುತ್ತಿತ್ತು. ಟಣ್, ಟಣ್, ಟಣ್. ನಡುವೆ ಒಂದು ಡಬ್.

ಕಾಕಾ ಚಹಾದ ಲೋಟ ಇಟ್ಟು ಎದ್ದ. ಗೇಟಿಗೆ ಹೋದ.

‘ಕಾಕಾ, ಈ ಬಾಗಲಾ ಈಗ ನನ್ನ ಮಾತು ಕೇಳಂಗಿಲ್ರಿ,’ ಎಂದ ಕಾವಲುಗಾರ. ‘ಮುಖ ನೋಡಿ ತಗೀತೈತಿ. ನಿಮ್ಮ ಮುಖ ಅದರಾಗ ಇಲ್ಲ. ಸಾವ್ಕಾರ್ರಿಗೆ ಫೋನ್ ಹಚ್ಚಲೇನ್ರಿ?’

ಇಪ್ಪತ್ತಾರು ವರ್ಷ ತಾನು ದಾಟಿದ ಬಾಗಿಲು. ಕಾಕಾನಿಗೆ ಅವಮಾನವಾಯಿತು.

‘ಬ್ಯಾಡ ಬಿಡು. ಅಂಥಾದ್ದೇನಿಲ್ಲ,’ ಎಂದ. ವಾಪಸು ಬಂದು ಆರಿದ ಚಹಾ ಕುಡಿದ. ಲಾರಿ ಅವನ ಮುಂದೆಯೇ ಹೋಯಿತು.

ಹನ್ನೆರಡು ದಿನ ಕಳೆದವು. ಒಂದು ಇಳಿಜಾರಿನಲ್ಲಿ ಒಂದು ಟ್ರೇಲರಿನ ಗಾಲಿ ಕಳಚಿತು. ಅದರಲ್ಲಿ ಕಳೆ ಕೀಳಲು ಹೊರಟ ಹೆಣ್ಣುಮಕ್ಕಳಿದ್ದರು. ನಾಲ್ವರು ಅಲ್ಲೇ ಸತ್ತರು. ಅವರಿಗೆ ಆ ಕಾರ್ಖಾನೆಯ ಹೆಸರೂ ಗೊತ್ತಿರಲಿಲ್ಲ. ರೊಟ್ಟಿ ಕಟ್ಟಿದ ಬಟ್ಟೆ ಗಂಟು ಬಿಚ್ಚದೆ ರಸ್ತೆಯ ಮೇಲೆ ಬಿದ್ದಿತ್ತು.

ವಿಚಾರಣೆಗೆ ಬಂದವರಿಗೆ ಮಾಲೀಕ ಯಂತ್ರದ ವರದಿ ತೋರಿಸಿದ. ಅದರಲ್ಲಿ ‘ಸರಿ’ ಎಂದಿತ್ತು. ಯಂತ್ರ ಮಾರಿದವರು ಪುಸ್ತಕ ತೋರಿಸಿದರು. ಅದರಲ್ಲೂ ‘ಸರಿ’ ಎಂದಿತ್ತು. ಪುಟಪುಟದ ಕೆಳಗೆ ಕಾಕಾನ ಸಹಿ. ಬಂದವರು ಬರೆದುಕೊಂಡು ಹೋದರು: ರಸ್ತೆ ಕೆಟ್ಟದ್ದು, ಡ್ರೈವರ್ ಮಿತಿಗಿಂತ ಹೆಚ್ಚು ಜನರನ್ನು ಹೇರಿದ್ದ.

ಕಾಕಾ ಆ ಇಳಿಜಾರಿಗೆ ಹೋದ. ರಸ್ತೆಯ ಬದಿಯ ಹುಲ್ಲಿನಲ್ಲಿ ಒಡೆದ ಹಬ್‌ನ ಅರ್ಧ ಹೋಳು ಸಿಕ್ಕಿತು. ಅದನ್ನು ಒಂದು ಕಲ್ಲಿನ ಮೇಲಿಟ್ಟ. ಜೇಬಿನಲ್ಲಿ ಅವನ ಸುತ್ತಿಗೆ ಇತ್ತು. ಕಣ್ಣು ಮುಚ್ಚಿ ಒಮ್ಮೆ ಬಡಿದ. ಇನ್ನೊಮ್ಮೆ ಬಡಿದ. ಎರಡು ಸಲ, ಬೇಗ ಬೇಗ.

ಯಾರೂ ಬರಲಿಲ್ಲ.

ಮಾಸ್ತರರು ಕತೆ ನಿಲ್ಲಿಸಿದರು. ಅಂಗಡಿಯವನು ಒಳಗೆ ಸಣ್ಣ ಕಬ್ಬಿಣದ ಹಾರೆಯಿಂದ ಶುಂಠಿ ಜಜ್ಜುತ್ತಿದ್ದ.

‘ಹಂಗಾರ ಪಾಪ ಕಾಕಾಂದೇನ್ರಿ?’ ಎಂದ ಕಲ್ಮೇಶ.

‘ಮೊದಲು ಮಾಲೀಕಂದು!’ ಮಾಸ್ತರರ ದನಿ ಏರಿತು. ‘ನಿಜ ಹೇಳಿದವನ ಹೊಟ್ಟಿ ಮ್ಯಾಲ ಕಾಲಿಟ್ಟವನಿಗೆ ನಿಜ ಎಲ್ಲಿಂದ ಸಿಗತೈತಿ? ನಲವತ್ತು ಮಂದಿ ಎದಿಯೊಳಗ ಅಂವ ಹೆದರಿಕಿ ತುಂಬಿದ. ಆ ಹೆದರಿಕಿ ಪುಸ್ತಕಕ್ಕ ಇಳೀತು. ಪುಸ್ತಕದಿಂದ ಯಂತ್ರಕ್ಕ ಇಳೀತು. ಯಂತ್ರಕ್ಕ ನಮ್ಮ ಕಸಬು ಬರಲಿಲ್ಲ, ನಮ್ಮ ಅಂಜಿಕಿ ಅಷ್ಟ ಬಂತು. ಎಲ್ಲಾ ಕಾರ್ಖಾನ್ಯಾಗೂ ಇವತ್ತು ಇದನ್ನ ತುಂಬಾಕ ಹತ್ಯಾರ. ತುಂಬಿ, ಬುದ್ಧಿ ಅಂತ ಹೆಸರು ಇಟ್ಟಾರ.’

ಆಮೇಲೆ ದನಿ ಇಳಿಸಿದರು. ‘ಆದರ ಆ ನಾಲ್ಕು ಮಂದಿ ಮಾಲೀಕನ ಹೆದರಿಕಿಯಿಂದ ಅಷ್ಟ ಸತ್ತಿಲ್ಲ. ಫೋನ್ ಹಚ್ಚಲೇನ್ರಿ ಅಂದಾಗ, ಬ್ಯಾಡ ಬಿಡು ಅಂದಿದ್ದಕ್ಕ ಸತ್ತಾರ. ಒಳಗ ಕೂತು ಉಂಡಿದ್ದಕ್ಕ ಸತ್ತಾರ.’

‘ಕಾಕಾ ಹುಲ್ಲಿನ್ಯಾಗ ಬಡಿದಿದ್ದು ನಿಮಗ ಹೆಂಗ ಗೊತ್ರಿ, ಮಾಸ್ತರ?’

ಬೆಂಚಿನ ಮೇಲೆ ಚಹಾ ಚೆಲ್ಲಿತ್ತು. ಮಾಸ್ತರರು ಅದರಲ್ಲಿ ಬೆರಳು ಅದ್ದಿ, ಹಲಗೆಯ ಮೇಲೆ ಒಂದರ ಪಕ್ಕ ಒಂದು ಮೂರು ಚುಕ್ಕಿ ಇಟ್ಟರು.

‘ಆ ಹೋಳಿನ ಬೆನ್ನ ಮ್ಯಾಲ ಈ ಗುರುತು ಇತ್ತು. ಅದು ನಂದು. ಕಾಕಾ ಅದನ್ನ ನನ್ನ ಮನಿಗೆ ತಂದು, ಹೊಸ್ತಿಲದ ಮ್ಯಾಲ ಇಟ್ಟು, ಇದನ್ನೆಲ್ಲಾ ಹೇಳಿ ಹೋದ. ಮತ್ತ ನನ್ನ ಕೂಡ ಮಾತಾಡಲಿಲ್ಲ.’

ಕಲ್ಮೇಶ ಆ ಚುಕ್ಕಿಗಳನ್ನು ನೋಡಿದ. ಆಮೇಲೆ ಬಗ್ಗಿ ಚೀಲದೊಳಗೆ ಕೈ ಹಾಕಿದ. ಒಳಗೆ ಡಬ್ಬಿ ಇರಲಿಲ್ಲ. ಟವೆಲ್ಲಿನಲ್ಲಿ ಸುತ್ತಿದ ಒಂದು ಕಬ್ಬಿಣದ ತೋಳು ಇತ್ತು. ಬಸ್ಸಿನ ಸ್ಟೇರಿಂಗಿಗೆ ಹಾಕುವಂಥದ್ದು. ಅದರ ಮೇಲೆ ಯಂತ್ರ ಅಂಟಿಸಿದ ಹಸಿರು ಚೀಟಿ ಹಾಗೇ ಇತ್ತು.

ಮಾಸ್ತರರು ಅಂಗಡಿಯವನ ಕೈಯಿಂದ ಶುಂಠಿಯ ಹಾರೆ ಇಸಿದುಕೊಂಡು ಕಲ್ಮೇಶನಿಗೆ ಕೊಟ್ಟರು. ಕಲ್ಮೇಶ ತೋಳನ್ನು ಮೆಟ್ಟಿಲ ಕಲ್ಲಿನ ಮೇಲಿಟ್ಟು ಬಡಿದ.

ಡಬ್.

‘ಇಂಥಾವು ಹದಿನೈದು ದಿನದಿಂದ ಬರಾಕ ಹತ್ಯಾವ್ರಿ,’ ಎಂದ. ‘ಗುಂಡಿ ಒತ್ತಿದವ ನಾನ. ನಾಳೆ ಮುಂಜಾನೆ ಲಾರಿ ಹೋಗತೈತಿ. ಮೆಲ್ಲಕ ಒಬ್ಬರಿಗೆ ಹೇಳಿ, ಅಷ್ಟು ತೋಳು ಆ ಕಡೆ ಸರಿಸಿದರ ನಡೀತೈತೇನ್ರಿ? ನನ್ನ ಹೆಸರು ಬಂದರ ನಾ ಗೇಟಿನ ಹೊರಗ್ರಿ, ಮಾಸ್ತರ.’

ಮಾಸ್ತರರು ತೋಳನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಗೊಡದೆ, ಏನೂ ಮುಚ್ಚದೆ ಅವನ ಎರಡೂ ಕೈಯಲ್ಲಿಟ್ಟರು.

‘ಏಳು, ಈಗ ಹೋಗು, ಎರಡು ಸಲ ಮೆಲ್ಲಕ ಬಡೀಬ್ಯಾಡ, ಊರಿಗೆಲ್ಲಾ ಕೇಳೂ ಹಂಗ ಒಮ್ಮಿ ಬಡಿ.’