ಅಂಕಯ್ಯನ ಎಣ್ಣೆಯಿಲ್ಲದ ಮೀನು

ಒಂದಾನೊಂದು ಕಾಲದಲ್ಲಿ, ಈ ಹೊಳೆಗೆ ಸೇತುವೆ ಅನ್ನೋದೇ ಇಲ್ಲದ ಕಾಲದಲ್ಲಿ, ದಂಡೆ ಮೇಲೊಂದು ಬೆಸ್ತರ ಕೇರಿ ಇತ್ತಂತೆ ಕಣೋ ಪುಟ್ಟ. ಹೂಂ ಅನ್ನು, ಇಲ್ದಿದ್ರೆ ನೀನು ಮಲಗಿದೆ ಅಂದ್ಕೊಂಡು ನಾನೂ ಮಲಗಿಬಿಡ್ತೀನಿ. ಆ ಕೇರೀಲಿ ಅಂಕಯ್ಯ ಅಂತ ಒಬ್ಬ ಮುದುಕ. ಪ್ರಾಯದಲ್ಲಿ ನೀರಲ್ಲಿ ಏಳೋ ಗುಳ್ಳೆ ನೋಡಿ, ಕೆಳಗಿರೋದು ಗೆಂಡೆ ಮೀನೋ ಬಾಳೆ ಮೀನೋ ಅಂತ ಹೇಳ್ತಿದ್ನಂತೆ, ಅಷ್ಟು ಚುರುಕು ಕಣ್ಣು. ಅವನಿಗೆ ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೆಯರು. ಹಿರಿಯಳು ಕೆಂಪಿ, ನಡುವಿನವಳು ಸಾಕಿ, ಕಿರಿಯಳು ಗುಡ್ಡದ ಕಡೆಯಿಂದ ಬಂದ ಚೆಲುವಿ. ಹೆಂಡತಿ ಹೊನ್ನಮ್ಮ ಊಟದ ಹೊತ್ತಿಗೆ ಅವನ ಪಕ್ಕಾನೇ ಕೂತು, ಊರ ಸುದ್ದಿಯೆಲ್ಲ ಹೇಳ್ತಾ ಹೇಳ್ತಾ, ಮೀನಿನ ಮುಳ್ಳು ಬಿಡಿಸಿ ಬಿಡಿಸಿ ಅವನ ತಟ್ಟೆಗೆ ಹಾಕೋಳಂತೆ. ಇವನೋ, ಇವಳಿಗೆ ಬಾಯೂ ಸುಮ್ನಿರಲ್ಲ, ಕೈಯೂ ಸುಮ್ನಿರಲ್ಲ ಅಂತ ರೇಗಿಸ್ಕೊಂಡು ಉಣ್ಣೋನಂತೆ.

ಆಮೇಲೆ ಒಂದು ಸುಗ್ಗೀಲಿ ಹೊನ್ನಮ್ಮ ಜ್ವರ ಬಂದು ಹೋಗಿಬಿಟ್ಲು. ತಿಥಿಯೆಲ್ಲ ಕಳೆದ ಮೇಲೆ ಮನೆಗೆ ಮತ್ತೆ ಮೀನು ಬಂತು, ಕೆಂಪಿ ಖಾರ ಹಚ್ಚಿ, ಎಣ್ಣೇಲಿ ಗರಿಗರಿಯಾಗಿ ಹುರಿದು ಮಾವನ ತಟ್ಟೆಗೆ ಹಾಕಿದ್ಲಂತೆ. ಅಂಕಯ್ಯ ಆಸೆಯಿಂದ ಒಂದು ತುತ್ತು ಬಾಯಿಗಿಟ್ಟ, ಮುಳ್ಳು ಹೋಗಿ ಗಂಟಲಲ್ಲಿ ಕೂತ್ಕೊಳ್ತು. ಕಣ್ಣಲ್ಲಿ ನೀರು ಬಂತು, ಉಸಿರು ಕಟ್ಟಿತು, ಮುದ್ದೆ ಮುರಿದು ಮುರಿದು ನುಂಗಿ ಹ್ಯಾಗೋ ಇಳಿಸ್ಕೊಂಡ. ಆವತ್ತು ಗೊತ್ತಾಯ್ತಂತೆ ಅವನಿಗೆ, ಕಣ್ಣಿಗೆ ಪೊರೆ ಬಂದಿದೆ, ಸಣ್ಣ ಮುಳ್ಳು ಕಾಣ್ತಾನೇ ಇಲ್ಲ, ಇಷ್ಟು ಕಾಲ ತಾನು ಉಂಡಿದ್ದೆಲ್ಲ ಹೊನ್ನಮ್ಮನ ಕಣ್ಣಲ್ಲಿ ಅಂತ.

ಹೇಳೋಣ ಅಂದ್ರೆ ನಾಚಿಕೆ. ಹುಟ್ಟಿದಾಗಿಂದ ಹೊಳೇಲೇ ಇದ್ದೋನ ಗಂಟಲಿಗೆ ಗೆಂಡೆ ಮುಳ್ಳು ಸಿಕ್ಕಿಹಾಕ್ಕೊಳ್ತು ಅಂದ್ರೆ ಕೇರಿಯೋರು ನಗಲ್ವಾ? ಅದಕ್ಕೆ ತಟ್ಟೆ ದೂಡಿ, ಥೂ, ಹುರಿದದ್ದೂ ಒಂದು ಮೀನಾ, ಒಂದು ತೊಟ್ಟು ಎಣ್ಣೆ ಸೋಕಿಸದೆ ನನಗೆ ಒಪ್ಪೋ ಹಾಗೆ ಮಾಡಿದೋಳಿಗೆ ನಿಮ್ಮತ್ತೆ ಗಡಿಗೆ ಕೊಡ್ತೀನಿ, ಅಲ್ಲೀತನಕ ನನಗೆ ಮೀನು ಬೇಡ ಅಂದುಬಿಟ್ನಂತೆ. ಎಣ್ಣೆಯಿಲ್ಲದೆ ಯಾರ ಕೈಲೂ ಆಗಲ್ಲ, ಇನ್ನು ಮೀನಿನ ಮಾತು ಯಾರೂ ಎತ್ತಲ್ಲ ಅಂದ್ಕೊಂಡ, ಪಾಪ. ಆದ್ರೆ ಆ ಗಡಿಗೆ ಅಂದ್ರೆ ಸುಮ್ನೆ ಅಲ್ಲ, ಮೀನು ಬೆಂದೂ ಬೆಂದೂ ಕರ್ರಗೆ ಪಳಗಿದ್ದು. ಅದು ಯಾರ ಕೈಗೆ ಬಂತೋ ಅವಳೇ ಮನೆ ಒಡತಿ. ಸೊಸೆಯರು ಬಿಡ್ತಾರಾ?

ಮೊದಲು ಕೆಂಪಿ. ಕೊತ್ತಂಬರಿ ಬೀಜ, ಮೆಣಸಿನಕಾಯಿ, ಬೆಳ್ಳುಳ್ಳಿ ಬರೀ ಬಾಣಲೇಲಿ ಬೆಚ್ಚಗೆ ಮಾಡಿ ರುಬ್ಬಿ, ಹುಣಸೆಹುಳಿ ಹಿಂಡಿ, ಮಣ್ಣಿನ ಪಾತ್ರೇಲಿ ಕುದಿಸಿ, ರಾತ್ರಿ ಮಾಡಿದ ಸಾರನ್ನ ಬೆಳಿಗ್ಗೆ ಬಡಿಸಿದ್ಲಂತೆ, ಮೀನು ಹುಳಿ ಹೀರ್ಕೋಬೇಕು ಅಂತ. ಘಮ ಬೀದೀತನಕ ಹೋಯ್ತು. ಅಂಕಯ್ಯ ಮುದ್ದೆಗೆ ಬರೀ ಸಾರು ಅದ್ದಿಕೊಂಡು ಉಂಡ, ಮೀನಿನ ತುಂಡು ಮಾತ್ರ ಹಾಗೇ ಬಿಟ್ಟ. ಹುಳಿ ಜಾಸ್ತಿ ಆಯ್ತು ಕಣವ್ವ ಅಂದ. ಮೀನು ಮನೆ ಬೆಕ್ಕಿಗೆ ಹೋಯ್ತು. ಕೆಂಪಿ ಒಳಗೆ ಹೋಗಿ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ಲು.

ಆಮೇಲೆ ಸಾಕಿ. ಅವಳು ಹೊಳೆ ಜೇಡಿಮಣ್ಣು ತಂದು, ಹೊಟ್ಟೆ ಶುದ್ಧಮಾಡಿ ಉಪ್ಪು ಸವರಿದ ಮೀನಿಗೆ ಮೈಮೇಲಿನ ಹುರುಪೆ ತೆಗೀದೆ ಹಾಗೇ ಮೆತ್ತಿ, ಕೆಂಡದ ಬೂದೀಲಿ ಹೂತಿಟ್ಲಂತೆ. ಮಣ್ಣು ಒಡೆದ್ರೆ ಹುರುಪೆಯೆಲ್ಲ ಅದರ ಜೊತೇಲೇ ಬಂತು, ಒಳಗೆ ಬೆಳ್ಳಗೆ ಬೆಂದ ಮೀನು, ಹೊಗೆಯಾಡ್ತಾ ಇದೆ. ಅಂಕಯ್ಯನ ಬಾಯಲ್ಲಿ ನೀರೂರಿತು, ಕೈ ಮುಂದೆ ಹೋಯ್ತು, ಗಂಟಲು ಹೆದರಿತು. ತಿಂದ ಹಾಗೆ ಮಾಡಿ, ತುಂಡು ತುಂಡನ್ನೂ ಮೆಲ್ಲಗೆ ಹೆಗಲ ವಲ್ಲೀಲಿ ಕಟ್ಕೊಂಡ. ಬೂದಿ ವಾಸನೆ ಕಣವ್ವ ಅಂದು ಎದ್ದು ಹೊಳೆ ಕಡೆ ನಡೆದ. ಹಿಂದೇನೇ ಬೆಕ್ಕು, ಬಾಲ ಎತ್ಕೊಂಡು.

ಹೀಗೇ ಆಗಿ ಆಗಿ ಬೆಕ್ಕು ದಪ್ಪ ಆಯ್ತು, ಅಂಕಯ್ಯ ಸಣ್ಣಗಾದ. ಸೊಂಟದಲ್ಲಿ ಪಂಚೆ ನಿಲ್ತಿರಲಿಲ್ಲವಂತೆ. ಅಪ್ಪ ಅವ್ವನ ಹಿಂದೇನೇ ಹೊರಟುಬಿಡ್ತಾನೆ ಅಂತ ಗಂಡುಮಕ್ಕಳು ತಮ್ಮತಮ್ಮಲ್ಲೇ ಅತ್ಕೊಂಡ್ರು. ಅವನಿಗೂ ಅದು ತಿಳೀತಿತ್ತು. ಹಸಿವು ಒಂದು ಕಡೆ, ಮಾನ ಒಂದು ಕಡೆ, ಎರಡರ ನಡುವೆ ಕೂತು ಸಾಯ್ತಾ ಇದ್ದೀನಲ್ಲ ಅಂತ ಹರಿದ ಬಲೆ ಹಿಡ್ಕೊಂಡು ದಂಡೇಲಿ ಕೂರೋನು. ಬಲೆ ಹೆಣೆಯೋಕೆ ಮಾತ್ರ ಕಣ್ಣು ಬೇಕಿರಲಿಲ್ಲ. ಹರಿದ ಕಣ್ಣಿಯನ್ನ ಬೆರಳೇ ಹುಡುಕೋದು, ಬೆರಳೇ ಗಂಟು ಹಾಕೋದು. ಒಂದಿನ ಚೆಲುವಿ ಬಟ್ಟೆ ಒಗೆಯೋಕೆ ಬಂದೋಳು ಅಲ್ಲೇ ನಿಂತು ನೋಡಿದ್ಲಂತೆ. ಮುದುಕನ ಮುಖ ಹೊಳೆ ಕಡೆ, ಬೆರಳು ಬಲೆ ಒಳಗೆ, ಕಾಲ ಹತ್ರ ಅವನು ಹಾಕಿದ ಮೀನು ತಿಂತಿರೋ ಬೆಕ್ಕು. ಬಟ್ಟೆ ಗಂಟು ಎತ್ಕೊಂಡು ಮನೆಗೆ ಹೋದ್ಲು.

ಹೂಂ ಅನ್ನೋ, ಎಚ್ಚರ ಇದ್ದೀಯಾ?

ಮಾರನೇ ದಿನ ಚೆಲುವಿ ಗೆಂಡೆ ಮೀನನ್ನ ಸೀಳಿ, ಹುಣಸೆ ಚಿಗುರು, ಹಸಿಮೆಣಸಿನಕಾಯಿ, ಉಪ್ಪು ಜಜ್ಜಿ ತುಂಬಿ, ಬಾಳೆಲೇಲಿ ಸುತ್ತಿ, ಒಂದು ಮಣ್ಣಿನ ಪಾತ್ರೆ ತಳಕ್ಕೆ ನೀರು ಬಿಟ್ಟು, ಮೇಲೆ ಹುಲ್ಲು ಹಾಸಿ, ಕಡುಬು ಬೇಯಿಸೋ ಹಾಗೆ ಹಬೇಲಿ ಬೇಯಿಸಿದ್ಲಂತೆ. ಎಲೆ ಬಿಚ್ಚದೆ ಹಾಗೇ ತಂದು ಇಟ್ಟು, ಎದುರಿಗೆ ನಿಲ್ಲಲಿಲ್ಲ, ಹೊನ್ನಮ್ಮ ಕೂರ್ತಿದ್ದ ಕಡೆ ಬಂದು ಕೂತ್ಲು.

ಮಾವ, ಒಂದು ಮಾತು, ನಗಬಾರದು ಅಂದ್ಲು. ಗುಡ್ಡದ ಮೇಲಿನ ನಮ್ಮೂರಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ. ಗೆಂಡೆ ಮುಳ್ಳು ಕಂಡ್ರೆ ನನಗೆ ಜೀವ ಹೋಗುತ್ತೆ. ಈ ಮನೆಗೆ ಬಂದಾಗಿಂದ ಬರೀ ಸಾರು ಉಂಡ್ಕೊಂಡಿದ್ದೀನಿ, ಬೆಸ್ತರ ಸೊಸೆ ಹಿಂಗಂದ್ರೆ ಜನ ನಗ್ತಾರೆ ಅಂತ ಯಾರಿಗೂ ಹೇಳಿಲ್ಲ. ಮುಳ್ಳು ಬಿಡಿಸೋದು ಹೇಳ್ಕೊಡ್ತೀರಾ?

ಅಂಕಯ್ಯ ತಟ್ಟನೆ ಅವಳ ಕಡೆ ತಿರುಗಿದ. ತನ್ನಂಥದ್ದೇ ಇನ್ನೊಂದು ಜೀವ ಇದೇ ಮನೇಲಿ, ಇದೇ ಹೆದರಿಕೆ ಇಟ್ಕೊಂಡು, ಇದೇ ಸಾರು ಉಂಡ್ಕೊಂಡು ಇತ್ತಲ್ಲ! ಆಗಲ್ಲ ಅಂತ ಹ್ಯಾಗೆ ಅನ್ನೋದು? ಎಲೆ ಬಿಚ್ಚಿದ. ಕಣ್ಣು ಮುಚ್ಕೊ ಮಗಳೇ, ಇದು ಕಣ್ಣಿನ ಕೆಲಸ ಅಲ್ಲ ಅಂದ. ಹಾಗಂತ ಬಾಯಿಂದ ಬಂದದ್ದೇ ತಡ, ಬೆರಳಿಗೆ ಬುದ್ಧಿ ಬಂದ ಹಾಗಾಯ್ತಂತೆ. ಬೆನ್ನಿನ ರೆಕ್ಕೆ ಎಳೆದ, ಬೇರು ಸಮೇತ ಬಂತು. ಬಾಲದ ಕಡೆಯಿಂದ ನಡುಮುಳ್ಳು ಎತ್ತಿದ, ತಲೇತನಕ ಬಿಡದೆ ಬಂತು. ಆಮೇಲೆ ಬೆನ್ನ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳು, ಅದೇ ಅಂಕಯ್ಯನ ಗಂಟಲು ಹಿಡಿದಿದ್ದು. ಬಲೆ ಕಣ್ಣಿ ಹುಡುಕೋ ಹಾಗೆ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ಒತ್ತಿ ಒಂದೊಂದನ್ನೂ ತೆಗೆದ. ಹಬೇಲಿ ಬೆಂದ ಮೀನು ಏನನ್ನೂ ಬಚ್ಚಿಡಲಿಲ್ಲ. ಒಂದು ತುಂಡು ಸೊಸೆಗೆ ಕೊಟ್ಟ, ಒಂದು ತಾನು ಬಾಯಿಗಿಟ್ಟ, ನುಂಗಿದ. ಏನೂ ಆಗಲಿಲ್ಲ. ಮುದುಕ ಮಗುವಿನ ಹಾಗೆ ಅತ್ನಂತೆ.

ನನಗೆ ಕಣ್ಣು ಕಾಣಲ್ಲ ಕಣವ್ವ ಅಂದ.

ಗೊತ್ತು ಮಾವ, ಬೆಕ್ಕು ಹೇಳ್ತು ಅಂದ್ಲು ಚೆಲುವಿ.

ಅವಳಿಗೆ ನಿಜವಾಗ್ಲೂ ಮುಳ್ಳು ಅಂದ್ರೆ ಭಯ ಇತ್ತಾ ಅಂತ ಕೇಳ್ತೀಯಾ? ನನಗೇನು ಗೊತ್ತು, ನಾನೇನು ಅಲ್ಲಿದ್ನಾ! ಕೆಂಪಿ, ಸಾಕಿ ಇಬ್ಬರನ್ನೂ ಕರೆದು ಅಂಕಯ್ಯ ಇದ್ದದ್ದು ಇದ್ದ ಹಾಗೆ ಹೇಳ್ದ. ಕೆಂಪವ್ವ, ನಿನ್ನ ಹುಳಿ ಸರಿಯಾಗೇ ಇತ್ತು, ಸಾಕವ್ವ, ನಿನ್ನ ಮೀನಲ್ಲಿ ಬೂದಿ ಇರಲಿಲ್ಲ, ಸುಳ್ಳು ಹೇಳಿದ್ದು ನನ್ನ ಬಾಯಿ ಅಂದ. ಅವರಿಬ್ಬರೂ ಅತ್ರು, ಆಮೇಲೆ ಬೆಕ್ಕಿಗೆ ಬೈದ್ರು. ಹೊನ್ನಮ್ಮನ ಗಡಿಗೆ ಒಲೆ ಮೇಲೆ ಬಂತು, ಯಾರ ಸರದಿ ಬಂದ್ರೆ ಅವರದು. ಒಂದಿನ ಸಾರು, ಒಂದಿನ ಎಲೆ ಮೀನು, ಕೆಂಡ ಚೆನ್ನಾಗಿದ್ದ ದಿನ ಮಣ್ಣಿನ ಮೀನು. ಹುರಿಯೋದು ಮಾತ್ರ ಬಿಟ್ಟೇಬಿಟ್ರು. ಗರಿಗರಿಯಾದ ಮೇಲೆ ಮುಳ್ಳು ಯಾವುದು, ಮೀನು ಯಾವುದು ಅಂತ ಬೆರಳಿಗೆ ತಿಳಿಯಲ್ವಲ್ಲ.

ಆಮೇಲೆ ಊಟದ ಹೊತ್ತಿಗೆ ಮೊಮ್ಮಕ್ಕಳೆಲ್ಲ ನಂಗೆ ತಾತ, ನಂಗೆ ತಾತ ಅಂತ ಅಂಕಯ್ಯನ ಸುತ್ತ ಕೂರೋವಂತೆ. ಅವನು ಊರ ಸುದ್ದಿ ಹೇಳ್ತಾ ಹೇಳ್ತಾ ಮುಳ್ಳು ಬಿಡಿಸಿ ಎಲ್ಲರ ತಟ್ಟೆಗೆ ಹಾಕೋನಂತೆ, ಥೇಟು ಹೊನ್ನಮ್ಮ. ಬಿಡಿಸಿದ ಮೊದಲನೇ ತುಂಡನ್ನ ಮಾತ್ರ ಯಾರಿಗೂ ಕೊಡದೆ, ಅವಳು ಕೂರ್ತಿದ್ದ ಕಡೆ ಒಂದು ಎಲೆ ಚೂರಿನ ಮೇಲೆ ಇಡೋನು. ಬೆಕ್ಕು ಬಂದು ತಿನ್ನೋದು. ಅದನ್ನ ಯಾರೂ ಓಡಿಸ್ತಿರಲಿಲ್ಲವಂತೆ.

ಅಲ್ಲಿಗೆ ಅವರ ಊಟಾನೂ ಮುಗೀತು, ನನ್ನ ಕತೇನೂ ಮುಗೀತು. ಮಲಕ್ಕೋ ಪುಟ್ಟ.